ಅಡರಸೆ, ಮುಖರಸೆ: ಬಸವನಗುಡಿಯ ಬೋರ್ಡುಗಳನ್ನು ಕಂಪ್ಯೂಟರಿಗೆ ಓದಿಸಿದ್ದು

ನನ್ನ ಫೋನಿನ ಒಂದು ಫೋಲ್ಡರಿನಲ್ಲಿ 618 ಫೋಟೋ ಇವೆ. ಮದುವೆಯದಲ್ಲ, ಪ್ರವಾಸದ್ದಲ್ಲ, ಎಲ್ಲವೂ ರಸ್ತೆ ಹೆಸರಿನ ಬೋರ್ಡು. ಬುಲ್ ಟೆಂಪಲ್ ರಸ್ತೆ, ಕೆ.ಆರ್. ರಸ್ತೆ, ಗಾಂಧಿ ಬಜಾರು, ಡಿ.ವಿ.ಜಿ. ರಸ್ತೆ, ಸರ್ವೇಯರ್ ಸ್ಟ್ರೀಟ್, ಆಮೇಲೆ ಸ್ವಲ್ಪ ಆಚೆ ಹನುಮಂತನಗರ. ಬೆಳಿಗ್ಗೆ ವಾಕಿಂಗ್ ಹೋದಾಗ ಒಂದೊಂದೇ ತೆಗೆದಿದ್ದು. ಮನೆಯವರು ಮೊದಮೊದಲು ನಕ್ಕರು. ಆಮೇಲೆ ಕೇಳುವುದನ್ನೇ ಬಿಟ್ಟರು.

ಕಾರಣ ಇಷ್ಟೇ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ಮ್ಯಾಪಿನಲ್ಲಿ ಪ್ರತಿ ರಸ್ತೆಗೂ ಕನ್ನಡ ಹೆಸರು ಬರೆಯಲು ಬೇರೆಯದೇ ಒಂದು ಖಾನೆ ಇದೆ. ನಮ್ಮ ಏರಿಯಾದಲ್ಲಿ ನಾನು ನೋಡಿದ ಹಲವು ರಸ್ತೆಗಳಿಗೆ ಅದು ಖಾಲಿ. ಬೇರೆ ಕಂಪನಿಯ ಮ್ಯಾಪ್ ನೋಡಿ ಕಾಪಿ ಹೊಡೆಯುವಂತಿಲ್ಲ, ಅಲ್ಲಿ ಅದು ಕಟ್ಟುನಿಟ್ಟಿನ ನಿಯಮ. ಬೀದಿಗೆ ಹೋಗಿ, ಬೋರ್ಡು ನೋಡಿ ಬರೆಯಬೇಕು. ನೋಡಿದ್ದಾಯಿತು. 618 ಸಲ ಕೂತು ಟೈಪ್ ಮಾಡುವವರು ಯಾರು? ಅದಕ್ಕೇ ಈ ಸರ್ಕಸ್ಸು. ನಾಲ್ಕು ಸಂಜೆಯಲ್ಲಿ ಟೈಪ್ ಮಾಡಿ ಮುಗಿಸಬಹುದಾಗಿದ್ದ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬೋರ್ಡು ಹುಡುಕುವುದು

ಕೆಲಸ ಎರಡು. ಫೋಟೋದಲ್ಲಿ ಬೋರ್ಡು ಎಲ್ಲಿದೆ ಅಂತ ಹುಡುಕಬೇಕು, ಆಮೇಲೆ ಅದರಲ್ಲಿ ಏನಿದೆ ಅಂತ ಓದಬೇಕು. ಹುಡುಕುವುದಕ್ಕೆ ಯೋಲೋ ಹಿಡಿದೆ. 2015ರಲ್ಲಿ ಜೋಸೆಫ್ ರೆಡ್ಮನ್ ಮತ್ತು ಸಂಗಡಿಗರು ತಂದ ಪದ್ಧತಿ ಇದು. ಚಿತ್ರವನ್ನು ಒಂದೇ ಸಲ ನೋಡಿ ಯಾವ ವಸ್ತು ಎಲ್ಲಿದೆ ಅಂತ ಚೌಕ ಹಾಕಿ ಕೊಡುತ್ತದೆ. ನಾನು ಬಳಸಿದ್ದು ಎಂಟನೇ ಆವೃತ್ತಿಯ ಅತಿ ಚಿಕ್ಕ ಮಾಡೆಲ್. ಸುಮಾರು 32 ಲಕ್ಷ ಪ್ಯಾರಾಮೀಟರ್ (ಕಲಿಯುವಾಗ ಹೊಂದಿಸಿಕೊಳ್ಳುವ ಸಂಖ್ಯೆಗಳು), ಫೈಲು ಆರೇಳು ಎಂಬಿ. ತರಬೇತಿಗೆ ಗೂಗಲ್ ಕೊಲ್ಯಾಬ್‌ನಲ್ಲಿ ಬಿಟ್ಟಿ ಸಿಗುವ ಟಿ4 ಗ್ರಾಫಿಕ್ಸ್ ಚಿಪ್ಪು ಸಾಕಾಯಿತು.

ರಸ್ತೆ ಫಲಕ ಅಂದ ತಕ್ಷಣ ಎಲ್ಲರೂ ತೋರಿಸುವುದು ಜರ್ಮನಿಯ ಡೇಟಾಸೆಟ್ಟನ್ನು. 43 ಬಗೆಯ ಫಲಕ, 50 ಸಾವಿರಕ್ಕೂ ಜಾಸ್ತಿ ಚಿತ್ರ. ಆದರೆ ಅದರಲ್ಲಿರುವುದು ವೇಗಮಿತಿ, ಸ್ಟಾಪ್, ತ್ರಿಕೋನದ ಎಚ್ಚರಿಕೆಗಳು. ಅಲ್ಲಿ ಆಕಾರ ಗೊತ್ತಾದರೆ ಅರ್ಥವೂ ಗೊತ್ತಾದಂತೆ. ಹೆಸರಿನ ಬೋರ್ಡು ಹಾಗಲ್ಲ. ಹಳದಿ, ನೀಲಿ, ಹಸಿರು, ಕಲ್ಲು, ಕಾಂಪೌಂಡ್ ಗೋಡೆಯ ಮೇಲೆ ನೇರವಾಗಿ ಬರೆದಿದ್ದು, ಎಲ್ಲ ಇವೆ. ಹಾಗಾಗಿ 240 ಫೋಟೋಗೆ ಕೈಯಲ್ಲೇ ಚೌಕ ಹಾಕಿದೆ. ಎರಡು ಬಗೆ ಮಾಡಿದೆ: ರಸ್ತೆ ಬೋರ್ಡು, ಅಂಗಡಿ ಬೋರ್ಡು. ಅಂಗಡಿ ಬೋರ್ಡನ್ನು ಬೇರೆ ಮಾಡದೆ ಇದ್ದಾಗ ಮಾಡೆಲ್ಲು ಪ್ರತಿ ಬೇಕರಿಯನ್ನೂ ರಸ್ತೆ ಅಂದಿತ್ತು.

ಮೊದಲ ಸಲ ತರಬೇತಿ ಮುಗಿಸಿದಾಗ ಚೌಕಗಳೆಲ್ಲ ಆಕಾಶದಲ್ಲಿ, ಮರದ ಮೇಲೆ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಫೋಟೋಗಳು ಫೈಲಿನೊಳಗೆ ಮಲಗಿರುತ್ತವೆ. 'ಇದನ್ನು ತಿರುಗಿಸಿ ತೋರಿಸು' ಅಂತ ಒಂದು ಎಕ್ಸಿಫ್ ಟಿಪ್ಪಣಿ ಮಾತ್ರ ಜೊತೆಗಿರುತ್ತದೆ. ನಾನು ಕೈಯಲ್ಲಿ ಚೌಕ ಹಾಕಲು ಬಳಸಿದ ಸಾಫ್ಟ್‌ವೇರ್ ಅದನ್ನು ಪಾಲಿಸಿತ್ತು. ನನ್ನ ಪೈಥಾನ್ ಕೋಡಿನಲ್ಲಿ ಚಿತ್ರ ತೆರೆಯುವ ಪಿಲ್ಲೋ ಲೈಬ್ರರಿ ತಾನಾಗಿ ಪಾಲಿಸುವುದಿಲ್ಲ, ಅದಕ್ಕೆ ಹೇಳಬೇಕು. ಒಂದು ಸಾಲಿನ ತಿದ್ದುಪಡಿ. ಹುಡುಕಲು ಒಂದು ಭಾನುವಾರ ಹೋಯಿತು.

ಇನ್ನೊಂದು, ಯೋಲೋ ತರಬೇತಿಯಲ್ಲಿ ಅರ್ಧದಷ್ಟು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸುವುದು ಡಿಫಾಲ್ಟ್. ನಾಯಿ, ಕಾರು ಹುಡುಕುವವರಿಗೆ ಅದು ಒಳ್ಳೆಯದೇ. ಅಕ್ಷರ ಇರುವ ಬೋರ್ಡನ್ನು ತಿರುಗಿಸಿ ಕಲಿಸುವುದು ಯಾಕೆ? ಆಫ್ ಮಾಡಿದೆ.

ಇವೆಲ್ಲ ಸಣ್ಣವು. ನಿಜವಾಗಿ ಮುಜುಗರ ತಂದ ತಪ್ಪು ಬೇರೆ. ನನ್ನ ಫೋಟೋಗಳು 4000 ಪಿಕ್ಸೆಲ್ ಅಗಲ. ಯೋಲೋ ಅದನ್ನು 640ಕ್ಕೆ ಕುಗ್ಗಿಸಿ ನೋಡುತ್ತದೆ. ಅಂದರೆ ಆರೂಕಾಲು ಪಟ್ಟು ಚಿಕ್ಕದು. ಹತ್ತಿರದ ಬೋರ್ಡು ಹುಡುಕಲು ಅಷ್ಟು ಸಾಕು. ಆದರೆ ನಾನು ಚೌಕದ ಒಳಗಿನದ್ದನ್ನು ಕತ್ತರಿಸಿದ್ದೂ ಆ ಕುಗ್ಗಿದ ಚಿತ್ರದಿಂದಲೇ. ಮೂಲದಲ್ಲಿ 40 ಪಿಕ್ಸೆಲ್ ಎತ್ತರ ಇದ್ದ ಅಕ್ಷರ ಆರು ಪಿಕ್ಸೆಲ್ ಆಗಿತ್ತು. ಆರು ಪಿಕ್ಸೆಲ್ಲಿನಲ್ಲಿ 'ಸ್ತೆ' ಬರೆದು ನೋಡಿ, ನಿಮಗೇ ಓದಲು ಬರುವುದಿಲ್ಲ. ಎರಡು ದಿನ ಓದುವ ಸಾಫ್ಟ್‌ವೇರನ್ನು ಬೈದೆ. ಅದು ಪಾಪ, ಮಸಿ ಚುಕ್ಕೆ ನೋಡಿ ಏನು ಹೇಳೀತು? ಆಮೇಲೆ ಚೌಕದ ಅಳತೆಯನ್ನು ಮೂಲ ಫೋಟೋಗೆ ಹಿಗ್ಗಿಸಿ ಅಲ್ಲಿಂದ ಕತ್ತರಿಸಿದೆ. ರಸ್ತೆಯ ಆಚೆ ಬದಿಯ ಬೋರ್ಡುಗಳೂ ಸಿಗಲಿ ಅಂತ ನೋಡುವ ಅಗಲವನ್ನು 1280 ಮಾಡಿದೆ.

ಪರೀಕ್ಷೆಗೆ ಅಂತ 100 ಬೋರ್ಡು ಬೇರೆ ತೆಗೆದಿಟ್ಟಿದ್ದೆ. ಅದರಲ್ಲಿ ಪೂರ್ತಿ ಸರಿಯಾಗಿ ಓದಿದ್ದು 11ರಿಂದ 34ಕ್ಕೆ ಏರಿತು. ಮಾಡೆಲ್ಲಿನಲ್ಲಿ ಒಂದಕ್ಷರ ಬದಲಿಸಿರಲಿಲ್ಲ.

ಓದುವುದು

ಓದಿಸಲು ಟೆಸರಾಕ್ಟ್. ಎಚ್‌ಪಿ ಕಂಪನಿಯಲ್ಲಿ 1985ರ ಹೊತ್ತಿಗೆ ಶುರುವಾದ ಹಳೆಯ ಸಾಫ್ಟ್‌ವೇರ್, 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಕನ್ನಡ ಬರುತ್ತದೆ. ಆದರೆ ಅದು ಪುಸ್ತಕದ ಪುಟ ನೋಡಿ ಬೆಳೆದದ್ದು. ಬಿಳಿ ಹಾಳೆ, ಕಪ್ಪು ಅಕ್ಷರ, ನೇರ ಸಾಲು ಇರಬೇಕು. ನೀಲಿ ಬೋರ್ಡಿನ ಬಿಳಿ ಅಕ್ಷರವನ್ನು ತಿರುವುಮುರುವು ಮಾಡಿ ಕೊಟ್ಟೆ. ಕೆಳಗಿನಿಂದ ಓರೆಯಾಗಿ ತೆಗೆದದ್ದನ್ನು ಓಪನ್‌ಸಿವಿ ಅನ್ನುವ ಚಿತ್ರ ತಿದ್ದುವ ಲೈಬ್ರರಿಯಲ್ಲಿ ನಾಲ್ಕು ಮೂಲೆ ಹಿಡಿದು ನೆಟ್ಟಗೆ ಎಳೆದೆ. ಸುತ್ತ ಒಂದಿಷ್ಟು ಖಾಲಿ ಅಂಚು ಸೇರಿಸಿದೆ. ಪೂರ್ತಿ ಕಪ್ಪುಬಿಳುಪು ಮಾಡುವ ಪ್ರಯೋಗವನ್ನು ಮಾತ್ರ ಕೈಬಿಟ್ಟೆ. ಬಸವನಗುಡಿಯಲ್ಲಿ ಮರದ ನೆರಳು ಬೀಳದ ಬೋರ್ಡು ಸಿಗುವುದು ಕಷ್ಟ. ಕಪ್ಪುಬಿಳುಪು ಮಾಡಿದರೆ ಎಲೆಯ ನೆರಳೂ ಅಕ್ಷರವಾಗಿಬಿಡುತ್ತದೆ. ಸುಮ್ನೆ ಬೂದು ಬಣ್ಣದಲ್ಲಿ ಬಿಟ್ಟರೇ ಚೆನ್ನಾಗಿ ಓದಿತು.

ಈಗ ಬಂತು ನೋಡಿ ವಿಚಿತ್ರ. ಉತ್ತರಗಳ ಪಟ್ಟಿ ತೆಗೆದು ನೋಡಿದರೆ:

'ಗಾಂಧಿ ಬಜಾರ್ ಮುಖ ರಸೆ'
'3ನೇ ಅಡರಸೆ'
'ಡಿ.ವಿ.ಜಿ. ರಸೆ'

ಎಲ್ಲ ಕಡೆ ರಸೆ! ನನ್ನ ಮಗಳು ಅದನ್ನು ನೋಡಿ, 'ಅಪ್ಪಾ, ನಿನ್ನ ಕಂಪ್ಯೂಟರ್‌ಗೆ ಹಲ್ಲಿಲ್ವಾ?' ಅಂತ ಕೇಳಿದಳು. ಹೌದು, ಹಲ್ಲಿಲ್ಲದ ಅಜ್ಜ ಓದಿದ ಹಾಗೇ ಇತ್ತು. ಒತ್ತಕ್ಷರಗಳೆಲ್ಲ ಮಾಯ. ರಸ್ತೆಯ 'ತ' ಒತ್ತು, ಮುಖ್ಯದ 'ಯ' ಒತ್ತು, ಅಡ್ಡದ 'ಡ' ಒತ್ತು. ನಮ್ಮ ಬೋರ್ಡಿನಲ್ಲಿ ಇವಿಲ್ಲದೆ ಸಾಗುವುದೇ ಇಲ್ಲ, ಅಲ್ವಾ? ಹೆಸರು ಸರಿಯಾಗಿ ಓದಿದರೂ ಕೊನೆಗೆ 'ರಸೆ' ಅಂದು ಫೇಲಾಗುತ್ತಿತ್ತು.

ಒಂದು ತುಂಡನ್ನು ದೊಡ್ಡದು ಮಾಡಿ, ಪ್ರತಿ ಅಡ್ಡಸಾಲಿನಲ್ಲಿ ಎಷ್ಟು ಕಪ್ಪು ಪಿಕ್ಸೆಲ್ ಇವೆ ಅಂತ ಎಣಿಸಿ ಗ್ರಾಫ್ ಹಾಕಿದೆ. ತಲೆಕಟ್ಟಿನ ಹತ್ತಿರ ಒಂದು ಗುಡ್ಡ, ಅಕ್ಷರದ ಹೊಟ್ಟೆಯ ಹತ್ತಿರ ಇನ್ನೊಂದು. ಆಮೇಲೆ ಎರಡು ಮೂರು ಪಿಕ್ಸೆಲ್ ಪೂರ್ತಿ ಖಾಲಿ. ಅದರ ಕೆಳಗೆ ಪುಟ್ಟ ಪುಟ್ಟ ದಿಬ್ಬ. ಆ ಪುಟ್ಟ ದಿಬ್ಬಗಳೇ ಒತ್ತುಗಳು. ಬೋರ್ಡನ್ನು ಸಾಲು ಸಾಲಾಗಿ ಕತ್ತರಿಸಲು ನಾನೇ ಬರೆದಿದ್ದ ಕೋಡು, ಖಾಲಿ ಕಂಡಲ್ಲಿ ಸಾಲು ಮುಗಿಯಿತು ಅಂದುಕೊಂಡಿತ್ತು. ಒತ್ತುಗಳನ್ನು ಬೇರೆ ಸಾಲು ಮಾಡಿ, ಅದನ್ನೂ ಓದಿಸಿ, ಏನೂ ಅರ್ಥವಾಗದೆ ಎಸೆದಿತ್ತು. ತಪ್ಪು ಟೆಸರಾಕ್ಟಿನದಲ್ಲ, ಈ ಸಲವೂ ನನ್ನದೇ.

ಖಾಲಿ ಎಷ್ಟಿದ್ದರೆ ಅದು ಸಾಲಿನ ನಡುವಿನ ಜಾಗ, ಎಷ್ಟಿದ್ದರೆ ಒತ್ತಿನ ಜಾಗ? ಇದನ್ನು ಊಹೆ ಮಾಡುತ್ತಾ ಕೂರುವ ಬದಲು, ನಮ್ಮ ಬೀದಿಯ ಕೊನೆಯಲ್ಲಿ ಈಗಲೂ ಕೈಯಲ್ಲೇ ಬೋರ್ಡು ಬರೆಯುವ ಹಿರಿಯರೊಬ್ಬರನ್ನು ಕೇಳಿದೆ.

'ಯಜಮಾನ್ರೇ, ಕನ್ನಡ ಬರೆಯುವಾಗ ಗೆರೆ ಹೇಗೆ ಹಾಕ್ತೀರಿ?'

ಅವರು ಸೀಮೆಸುಣ್ಣ ತೆಗೆದು ತಗಡಿನ ಮೇಲೆ ಮೂರು ಗೆರೆ ಎಳೆದರು. 'ಅಕ್ಷರ ನಾಲ್ಕು ಇಂಚು ಅಂದ್ರೆ ಕೆಳಗೆ ಎರಡು ಇಂಚು ಒತ್ತಿಗೇ ಬಿಡ್ಬೇಕು ಸ್ವಾಮಿ. ಬರೀ ಇಂಗ್ಲಿಷ್ ಬರ್ದು ಅಭ್ಯಾಸ ಆದ ಹುಡುಗರು ಇದನ್ನ ಮರೀತಾರೆ. ಆಮೇಲೆ ಒತ್ತೆಲ್ಲ ಫ್ರೇಮಿನೊಳಗೆ ಹೋಗಿ ಸಿಕ್ಕೊಳ್ಳುತ್ತೆ.'

ಮನೆಗೆ ಬಂದು ಅದನ್ನೇ ನಿಯಮ ಮಾಡಿದೆ. ಮೇಲಿನ ಪಟ್ಟಿಯ ಅರ್ಧಕ್ಕಿಂತ ಕುಳ್ಳಗಿರುವ ಪಟ್ಟಿ ಸಿಕ್ಕರೆ ಮೇಲಿನದಕ್ಕೇ ಸೇರಿಸು. ಓಡಿಸಿದೆ. 'ರಸ್ತೆ' ಅಂತ ಬಂದಾಗ ಆದ ಖುಷಿಯನ್ನು ಹೇಳಲು ಮನೆಯಲ್ಲಿ ಯಾರೂ ಎಚ್ಚರ ಇರಲಿಲ್ಲ.

ಖುಷಿ ಬೆಳಗಿನವರೆಗೆ ಮಾತ್ರ. ಬೋರ್ಡುಗಳಲ್ಲಿ ಕನ್ನಡದ ಕೆಳಗೆ ಇಂಗ್ಲಿಷ್ ಸಾಲು ಇರುತ್ತದೆ, ಎಷ್ಟೋ ಸಲ ಅರ್ಧ ಗಾತ್ರದಲ್ಲಿ. ಅದೂ ಒತ್ತು ಅಂತ ಮೇಲಕ್ಕೆ ಸೇರಿಬಿಟ್ಟಿತ್ತು. ಆಗ ಇನ್ನೊಂದು ಅಳತೆ ಸೇರಿಸಿದೆ. ಒತ್ತಿನ ಪಟ್ಟಿಯಲ್ಲಿ ಮಸಿ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಇರುತ್ತದೆ. ಇಂಗ್ಲಿಷ್ ಸಾಲಿನಲ್ಲಿ ಉದ್ದಕ್ಕೂ ಹರಡಿರುತ್ತದೆ. ಅಗಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮಸಿ ಇದ್ದರೆ ಒತ್ತು, ಜಾಸ್ತಿ ಇದ್ದರೆ ಸಾಲು. ಈಗ ಪರೀಕ್ಷೆಯ ನೂರರಲ್ಲಿ 61 ಸರಿ.

ಈಸಿಓಸಿಆರ್ ಅನ್ನುವ ಇನ್ನೊಂದು ಓದುವ ಸಾಫ್ಟ್‌ವೇರನ್ನೂ ಹೋಲಿಸಿ ನೋಡಿದೆ. ಅದು ಅಕ್ಷರ ಇರುವ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಆದರೆ ನನ್ನ ಫೋಟೋಗಳಲ್ಲಿ ಅದರ ಚೌಕಗಳೂ ಬಿಗಿಯಾಗಿ ಬಂದು ಒತ್ತಿನ ಬುಡ ಕತ್ತರಿಸುತ್ತಿದ್ದವು. ಅಂಚು ಹೆಚ್ಚಿಸುವ ಸೆಟ್ಟಿಂಗ್ ಇದೆ, ಹಾಕಿದರೆ ಸುಧಾರಿಸುತ್ತದೆ. ಕಲ್ಲಿನ ಬೋರ್ಡುಗಳಿಗೆ ಕೊನೆಗೆ ಅದನ್ನೇ ಉಳಿಸಿಕೊಂಡೆ.

ಒಂಬತ್ತು ಮತ್ತು ಸೊನ್ನೆ

ಉಳಿದ ತಪ್ಪುಗಳಲ್ಲಿ ಎರಡು ನನಗೆ ಬಹಳ ಇಷ್ಟ. ಸರ್ವೇಯರ್ ಸ್ಟ್ರೀಟ್ ಬೋರ್ಡನ್ನು ಅದು 'ಸವೇ೯ಯರ್' ಅಂತ ಓದಿತ್ತು. ಅರ್ಕಾವೊತ್ತನ್ನು ಕನ್ನಡದ ಒಂಬತ್ತು ಅಂದುಕೊಂಡಿದೆ. ನಗಬೇಡಿ, ನಾವೂ ಹಾಗೇ ಮಾಡುತ್ತೇವೆ. ವಾಟ್ಸ್ಯಾಪಿನಲ್ಲಿ ಬರುವ ಆಹ್ವಾನಗಳಲ್ಲಿ 'ಕಾಯ೯ಕ್ರಮ' ನೋಡಿಲ್ವಾ? ಪದದ ನಡುವೆ ಒಂಟಿ ೯ ಕಂಡರೆ, ಅದರ ಹಿಂದಿನ ಅಕ್ಷರದ ಮುಂಚೆ 'ರ್' ಇಟ್ಟು ೯ ತೆಗೆದುಹಾಕು ಅಂತ ನಾಲ್ಕು ಸಾಲು ಕೋಡು ಬರೆದೆ.

ಎರಡನೆಯದು '1ಂನೇ ಅಡ್ಡರಸ್ತೆ'. ಹತ್ತನೇ ಅಡ್ಡರಸ್ತೆಯ ಸೊನ್ನೆ ಅನುಸ್ವಾರ ಆಗಿದೆ. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ನೋಡಲು ವ್ಯತ್ಯಾಸವೇ ಇಲ್ಲ. ಆದರೆ ಅಂಕಿಯ ಬೆನ್ನಿಗೆ ಅನುಸ್ವಾರ ಬರಲು ಸಾಧ್ಯವಿಲ್ಲ. ಒಂದು ಸಾಲಿನ ನಿಯಮ, ಮುಗಿಯಿತು.

ಇದರ ನಡುವೆ ಒಂದು ಭೂತ ಕಾಟವೂ ಇತ್ತು. ಎರಡು ಉತ್ತರ ಕಣ್ಣಿಗೆ ಒಂದೇ ಥರ, ಆದರೆ ಪ್ರೋಗ್ರಾಮು ಬೇರೆ ಬೇರೆ ಅನ್ನುತ್ತಿತ್ತು. ಯೂನಿಕೋಡಿನಲ್ಲಿ 'ಕೋ' ಅನ್ನು ಓಕಾರದ ಒಂದೇ ಚಿಹ್ನೆ ಹಾಕಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಅಂತ ಬಿಡಿಬಿಡಿಯಾಗಿಯೂ ಬರೆಯಬಹುದು. ಹೋಲಿಸುವ ಮುಂಚೆ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಕೂಡಿಸಿದ ಒಂದೇ ಚಿಹ್ನೆಯ ರೂಪಕ್ಕೆ ತಂದರೆ ಸರಿಹೋಗುತ್ತದೆ. ಕನ್ನಡದಲ್ಲಿ ಏನೇ ಹೋಲಿಸುವುದಿದ್ದರೂ ಇದನ್ನು ಮೊದಲ ದಿನವೇ ಮಾಡಿ.

ಹೆಸರಿನ ಪಟ್ಟಿ

ಓದಿದ್ದನ್ನು ಹಾಗೇ ನಂಬುವ ಬದಲು, ಗೊತ್ತಿರುವ ರಸ್ತೆ ಹೆಸರುಗಳ ಪಟ್ಟಿ ಮಾಡಿ, ಹತ್ತಿರದ್ದಕ್ಕೆ ಹೊಂದಿಸೋಣ ಅನ್ನಿಸಿತು. ರಾಪಿಡ್‌ಫಜ್ ಅನ್ನುವ ಲೈಬ್ರರಿ ಎರಡು ಪದಗಳ ಹೋಲಿಕೆಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ಗಾಂಧಿ ಬಜಾರಿನ ಕಡೆಯ ಹೆಸರುಗಳಿಗೆ ಚೆನ್ನಾಗಿಯೇ ನಡೆಯಿತು. ಹನುಮಂತನಗರದ ಫೋಟೋ ಹಾಕಿದಾಗ ಮಣ್ಣು ಮುಕ್ಕಿತು. ಅಲ್ಲಿ ಎಲ್ಲ ಮೇನು, ಕ್ರಾಸು.

ಬೋರ್ಡಿನಲ್ಲಿ ಇರುವುದು '3ನೇ ಅಡ್ಡರಸ್ತೆ' ಅಂತಿಟ್ಟುಕೊಳ್ಳಿ. ಒತ್ತು ಬಿಟ್ಟು '3ನೇ ಅಡರಸೆ' ಅಂತ ಓದಿದರೆ ಸಿಗುವುದು 82 ಅಂಕ. ಒತ್ತೆಲ್ಲ ಸರಿಯಾಗಿ ಓದಿ, 3ನ್ನು ಮಾತ್ರ 8 ಅಂದರೆ 92. ಅಂದರೆ ಊರೇ ತಪ್ಪಿದವನಿಗೆ ಜಾಸ್ತಿ ಅಂಕ, ಉಚ್ಚಾರ ತಪ್ಪಿದವನಿಗೆ ಕಡಿಮೆ! ಬೆಂಗಳೂರಿನಲ್ಲಿ ವಿಳಾಸ ಹುಡುಕಿದ ಯಾರಿಗಾದರೂ ಗೊತ್ತು, 3ನೇ ಕ್ರಾಸಿಗೂ 8ನೇ ಕ್ರಾಸಿಗೂ ಆಟೋದವರ ಹತ್ತಿರ ಒಂದು ಜಗಳದಷ್ಟು ದೂರ ಇದೆ.

ಹಾಗಾಗಿ ಅಂಕಿಯನ್ನೂ ಅಕ್ಷರವನ್ನೂ ಬಿಡಿಸಿದೆ. ಅಂಕಿಯ ತುಂಡನ್ನು ಮಾತ್ರ ಎರಡು ಪಟ್ಟು ದೊಡ್ಡದು ಮಾಡಿ, ಅಂಕಿಗಳನ್ನಷ್ಟೇ ಓದು ಅಂತ ಹೇಳಿ ಇನ್ನೊಮ್ಮೆ ಓದಿಸುತ್ತೇನೆ. ಎರಡು ಸಲವೂ ಒಂದೇ ಬಂದರೆ ಸರಿ, ಇಲ್ಲದಿದ್ದರೆ 'ಗೊತ್ತಿಲ್ಲ' ಅಂತ ಬರೆಯುತ್ತದೆ. ಅಕ್ಷರದ ಭಾಗಕ್ಕೆ ಮಾತ್ರ ಸಡಿಲ ಹೋಲಿಕೆ. ಜೊತೆಗೆ ಫೋಟೋದ ಜಿಪಿಎಸ್ ನೋಡಿ, 150 ಮೀಟರ್ ಒಳಗಿರುವ ರಸ್ತೆಗಳನ್ನಷ್ಟೇ ಪಟ್ಟಿಯಲ್ಲಿ ಇಡುತ್ತೇನೆ. ಇಷ್ಟಾದ ಮೇಲೆ ನೂರರಲ್ಲಿ 79 ಸರಿ, 17 'ಗೊತ್ತಿಲ್ಲ', 4 ತಪ್ಪು. ನನಗೆ ಆ 79ಕ್ಕಿಂತ 4 ಮುಖ್ಯ. ಮ್ಯಾಪಿನಲ್ಲಿ ಖಾಲಿ ಇದ್ದರೆ ಜನ ಯಾರನ್ನಾದರೂ ಕೇಳುತ್ತಾರೆ. ತಪ್ಪಿದ್ದರೆ ನಂಬಿಕೊಂಡು ಹೋಗುತ್ತಾರೆ.

ಅಂಗಡಿ ಬೋರ್ಡುಗಳೂ ಇಲ್ಲಿ ಕೆಲಸಕ್ಕೆ ಬಂದವು. ಎಷ್ಟೋ ಅಂಗಡಿಗಳವರು ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ರಸ್ತೆ ಹೆಸರು ಬರೆಸಿರುತ್ತಾರೆ. ಬೋರ್ಡಿನ ಶೇ. 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆ ತಿದ್ದುಪಡಿ ಆಯಿತಲ್ಲ, ನಮ್ಮ ಕಡೆ ಹಲವರು ಹೊಸ ಬೋರ್ಡು ಹಾಕಿಸಿದ್ದಾರೆ. ಶುದ್ಧ ಫ್ಲೆಕ್ಸು, ನೆರಳಿಲ್ಲ, ತುಕ್ಕಿಲ್ಲ. ರಸ್ತೆ ಬೋರ್ಡಿನ ಮೇಲೆ 'ಪಿಜಿ ಲಭ್ಯ' ಸ್ಟಿಕ್ಕರ್ ಅಂಟಿಸಿದ್ದಾಗ ಪಕ್ಕದ ಅಂಗಡಿಯೇ ಸಾಕ್ಷಿ. ಅಂದಹಾಗೆ ಸ್ಟಿಕ್ಕರ್ ಇದ್ದ ಬೋರ್ಡಿನಲ್ಲಿ ನನ್ನ ಪ್ರೋಗ್ರಾಮು ಒಂದು ಫೋನ್ ನಂಬರನ್ನೇ ಅಡ್ಡರಸ್ತೆ ಮಾಡಿತ್ತು. ಅಷ್ಟು ದೊಡ್ಡ ನಂಬರಿನ ಕ್ರಾಸು ಇನ್ನೂ ಆಗಿಲ್ಲ.

ಒಂದು ರಾತ್ರಿ ವ್ಯರ್ಥ

ನನ್ನದೇ ಓದುವ ಮಾಡೆಲ್ ಕಲಿಸೋಣ ಅಂತಲೂ ಹೊರಟಿದ್ದೆ. ಸಿಕ್ಕ ಡೇಟಾ ಕಡಿಮೆ. 2009ರಲ್ಲಿ ಪ್ರಕಟವಾದ ಚಾರ್ಸ್74ಕೆ ಅನ್ನುವ ಸಂಗ್ರಹ ಇದೆ. ಅದರ ಬೀದಿ ಫೋಟೋಗಳನ್ನು ತೆಗೆದದ್ದು ನಮ್ಮ ಬೆಂಗಳೂರಿನಲ್ಲೇ. ಕನ್ನಡದ 657ಕ್ಕೂ ಜಾಸ್ತಿ ಬಗೆಯ ಅಕ್ಷರ ಅದರಲ್ಲಿವೆ. ಇಂಗ್ಲಿಷಿಗೆ 62 ಸಾಕು. ಆದರೆ ಅದು ಬಿಡಿ ಅಕ್ಷರಗಳ ಸಂಗ್ರಹ, ನನಗೆ ಪೂರ್ತಿ ಸಾಲು ಬೇಕಿತ್ತು. ಹಾಗಾಗಿ ನೋಟೋ, ಬಾಲೂ ತಮ್ಮ, ಅನೇಕ್ ಇಂಥ ಹತ್ತು ಫಾಂಟುಗಳಲ್ಲಿ ರಸ್ತೆ ಹೆಸರುಗಳನ್ನು ಪಿಲ್ಲೋದಿಂದ ಚಿತ್ರ ಮಾಡಿಸಿ, 20 ಸಾವಿರ ಸಾಲು ತಯಾರಿಸಿ, ರಾತ್ರಿಯಿಡೀ ಓಡಿಸಿ ಮಲಗಿದೆ.

ಬೆಳಿಗ್ಗೆ ಒಂದು ಚಿತ್ರ ತೆರೆದು ನೋಡಿದೆ. 'ರಸ್‌ತೆ'. ಸಕಾರಕ್ಕೆ ಅರ್ಧಾಕ್ಷರ, ಪಕ್ಕದಲ್ಲಿ 'ತೆ'. ಇಪ್ಪತ್ತು ಸಾವಿರವೂ ಹಾಗೇ. ಒತ್ತನ್ನು ಕೆಳಗೆ ಕೂರಿಸುವ ಕೆಲಸ ಪಿಲ್ಲೋದಲ್ಲಿ ರಾಕ್ಮ್ ಎಂಬ ಲೈಬ್ರರಿಯದು. ವಿಂಡೋಸಿನಲ್ಲಿ ಅದು ನಡೆಯಲು ಫ್ರಿಬಿಡಿ ಅನ್ನುವುದನ್ನು ಬೇರೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಅಕ್ಷರಗಳನ್ನು ಸಾಲಾಗಿ ಜೋಡಿಸುತ್ತಾ ಹೋಗುತ್ತದೆ. ನೀವು ಮಾಡುವುದಾದರೆ ಮೊದಲು ಹತ್ತು ಚಿತ್ರ ಕಣ್ಣಾರೆ ನೋಡಿ. ನಾನು ಆ ದಾರಿಯನ್ನೇ ಸದ್ಯಕ್ಕೆ ಬಿಟ್ಟೆ. 17 'ಗೊತ್ತಿಲ್ಲ'ಗಳನ್ನು ಕೈಯಲ್ಲಿ ಟೈಪ್ ಮಾಡುವುದು ಸುಲಭ.

ಈಗ ಎಲ್ಲಿದೆ

ಪ್ರೋಗ್ರಾಮು ಈಗ ಒಂದು ಪಟ್ಟಿ ಕೊಡುತ್ತದೆ. ಬೋರ್ಡಿನ ತುಂಡು ಚಿತ್ರ, ಓದಿದ ಹೆಸರು, ಹೊಂದಿಸಿದ ಹೆಸರು, ಜಾಗ. ನಾನು ಒಂದೊಂದನ್ನೂ ನೋಡಿ ಮ್ಯಾಪಿಗೆ ಹಾಕುತ್ತೇನೆ. ಯಂತ್ರ ಓದಿದ್ದನ್ನು ನೇರವಾಗಿ ಸುರಿಯುವುದಿಲ್ಲ. ಓದಿದ ಹೆಸರು ಬೇರೆ, ಹೊಂದಿಸಿದ ಹೆಸರು ಬೇರೆ ಇಟ್ಟದ್ದಕ್ಕೆ ಕಾರಣ ಇದೆ. ಒಂದು ಬೋರ್ಡಿನಲ್ಲಿ ಬರೆದವರೇ 'ಮಖ್ಯರಸ್ತೆ' ಅಂತ ಕೊಂಬು ಬಿಟ್ಟಿದ್ದಾರೆ. ಯಂತ್ರ ಅದನ್ನು ಸರಿಯಾಗಿಯೇ ತಪ್ಪಾಗಿ ಓದಿದೆ. ಅದನ್ನು ಅಳಿಸಲು ಮನಸ್ಸು ಬರಲಿಲ್ಲ.

ಕಳೆದ ವಾರ ನಾಲ್ಕು ತಪ್ಪುಗಳಲ್ಲಿ ಒಂದನ್ನು ಹಿಡಿದು ಕೂತಿದ್ದೆ. ಬೋರ್ಡು ಹೊಚ್ಚಹೊಸದು, ನನ್ನ ಕಣ್ಣಿಗೂ ಸ್ಪಷ್ಟ. ಆದರೆ ಪ್ರೋಗ್ರಾಮು ಓದಿದ್ದನ್ನು ಬಿಟ್ಟು ಇನ್ಯಾವುದೋ ಹೆಸರಿಗೆ ಹೊಂದಿಸಿತ್ತು. ಬೋರ್ಡಿನಲ್ಲಿದ್ದ ಹೆಸರಿನ ರಸ್ತೆ ಆ 150 ಮೀಟರಿನೊಳಗೆ ಇರಲೇ ಇಲ್ಲ. ಜಿಪಿಎಸ್ ಕೈಕೊಟ್ಟಿದೆ ಅಂದುಕೊಂಡು ಭಾನುವಾರ ಅಲ್ಲಿಗೇ ಹೋದೆ. ಫೋನ್ ತೋರಿಸಿದ ಜಾಗ ಸರಿಯಾಗಿಯೇ ಇತ್ತು. ಬೋರ್ಡಿನ ಮುಂದೆ ಫೋನ್ ಹಿಡಿದು ನಿಂತದ್ದನ್ನು ನೋಡಿ ಎದುರು ಮನೆಯ ಅಜ್ಜಿ ಗೇಟಿನ ಹತ್ತಿರ ಬಂದರು.

'ಯಾರ ಮನೆ ಬೇಕಪ್ಪಾ?'

'ಯಾರದೂ ಬೇಡ ಅಜ್ಜಿ, ಈ ಬೋರ್ಡು ನೋಡ್ತಿದ್ದೆ.'

'ಅಯ್ಯೋ, ಅದು ಈ ರಸ್ತೇದಲ್ಲ. ಚರಂಡಿ ಕೆಲಸ ಮಾಡುವಾಗ ಆ ಕಡೆಯಿಂದ ಕಿತ್ತು ತಂದು ಇಲ್ಲಿ ನೆಟ್ಟು ಹೋದ್ರು. ಕೊರಿಯರ್ ಹುಡುಗರಿಗೆ ದಿನಾ ನಾನೇ ಹೇಳೋದು.'

ಆ ಫೋಟೋವನ್ನು ಪರೀಕ್ಷೆಯ ನೂರರಿಂದ ತೆಗೆದೆ. 'ಸುಳ್ಳು ಬೋರ್ಡು' ಅಂತ ಒಂದು ಹೊಸ ಫೋಲ್ಡರ್ ಮಾಡಿ ಅದಕ್ಕೆ ಹಾಕಿದ್ದೇನೆ. ಈ ಭಾನುವಾರ ಎರಡು ರಸ್ತೆ ಆಚೆಗೆ ಹೋಗಿ, ಬೋರ್ಡಿಲ್ಲದ ಆ ರಸ್ತೆಯಲ್ಲಿ ಅಂಗಡಿಗಳು ಏನು ಬರೆದುಕೊಂಡಿವೆ ನೋಡಬೇಕು.